ಅಮ್ಮನ ಕೈ ಸವೆಸಿದ ಗೋಡೆ

ಹಳೆಯ ವಠಾರದ ಪಡಸಾಲೆಯ ಗೋಡೆಗೆ ಟಾರ್ಚ್ ಹಿಡಿದು ನಿಂತಿದ್ದ ಹುಡುಗಿಯನ್ನು ದರ್ಜಿ ತಡೆದ. ಅವನ ಕತ್ತಿನಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು.

"ಅಳತೆಗೆ ಬಂದ್ಯಾ? ಕಟ್ಟಡ ಕೆಡವೋಕೆ ಇನ್ನೂ ಒಂದು ತಿಂಗಳಿದೆ ಅಂತ ನೋಟೀಸಲ್ಲಿದೆ."

"ಕೆಡವೋರ ಕಡೆಯವಳಲ್ಲ ಅಣ್ಣಾ, ಕಲಾವಿದೆ. ಈ ಕಟ್ಟಡದಲ್ಲೇ, ನಿಮ್ಮೆಲ್ಲರ ಜೊತೆ ಸೇರಿ ಒಂದು ಕೃತಿ ಮಾಡ್ಬೇಕು."

"ಅದಕ್ಕೆ ಈ ಗೋಡೆಯೇ ಸಿಕ್ತಾ?" ಒಳಗಿನಿಂದ ದರ್ಜಿಯ ಹೆಂಡತಿ ಕೇಳಿದಳು. "ಅದು ಸುಣ್ಣ ಕಂಡು ನನಗೆ ಮದುವೆಯಾದಷ್ಟು ವರ್ಷ ಆಯ್ತು!"

ಹುಡುಗಿ ತೋರಿಸಿದ್ದು ಒಂದು ಪಟ್ಟೆಯನ್ನು. ಸೊಂಟದೆತ್ತರದಲ್ಲಿ, ದರ್ಜಿಯ ಮನೆ ಬಾಗಿಲಿನಿಂದ ತುದಿಯ ನಲ್ಲಿಯವರೆಗೆ, ಗಾರೆ ಕಪ್ಪಾಗಿ ಮಿನುಗುತ್ತಿತ್ತು.

ದರ್ಜಿಯ ಅಮ್ಮನ ಕಣ್ಣು ಹೋಗಿ ಮೂವತ್ತು ವರ್ಷ. ಗೋಡೆಗೆ ಕೈಯಿಟ್ಟು, ಬಾಯಲ್ಲಿ ಪದ್ಯ ಹೇಳಿಕೊಂಡು ನಡೆಯುವಳು. ಬಾಗಿಲಿನಿಂದ ಕಿಟಕಿಗೆ ಒಂದು ಪದ್ಯ, ಕಿಟಕಿಯಿಂದ ನಲ್ಲಿಗೆ ಎರಡು. ಬದಲಿಗೆ ಕೊಡುವ ಹೊಸ ಮನೆಯನ್ನು ತೋರಿಸಲು ಒಮ್ಮೆ ಕರೆದೊಯ್ದಿದ್ದರು. ಅಲ್ಲಿ ನಡುಕೋಣೆಯಲ್ಲಿ ಕೂತವಳು ಏಳಲೇ ಇಲ್ಲ. ಸೀರೆಯಲ್ಲೇ ಉಚ್ಚೆ ಹೊಯ್ದುಕೊಂಡಳು. ಆಮೇಲೆ ಮೂರು ದಿನ ಒಂದು ಪದ್ಯವೂ ಬಾಯಿಗೆ ಬರಲಿಲ್ಲ.

"ಈ ಗೋಡೆ ಉಳಿಸ್ತೀಯಾ?" ದರ್ಜಿ ಕೇಳಿದ.

"ಪ್ರಯತ್ನ ಮಾಡ್ತೀನಿ."

"ಕೊಳೆ ಉಳಿಸೋಕೂ ಓದಿರ್ಬೇಕೇನೇ ಮಗಳೇ?" ಹೊಸ್ತಿಲಲ್ಲಿ ಕೂತಿದ್ದ ಅಮ್ಮ ನಕ್ಕಳು.

ನೆರೆಯವರೆಲ್ಲ ಸೇರಿ ಪಟ್ಟೆಯೊಂದನ್ನು ಬಿಟ್ಟು ಉಳಿದ ಗೋಡೆಗೆ ಸುಣ್ಣ ಬಳಿದರು. ಅಮ್ಮ ಎಲ್ಲಿ ಯಾವ ಸಾಲು ಹೇಳುವಳೋ ಅಲ್ಲಿ ಆ ಸಾಲನ್ನು ಹುಡುಗಿ ಪಟ್ಟೆಯ ಕೆಳಗೆ ಬರೆದಳು. ಪತ್ರಿಕೆಯಲ್ಲಿ ಫೋಟೋ ಬಂತು. ನೋಡಲು ಜನ ಸಾಲುಗಟ್ಟಿದರು.

ಕೊನೆಗೆ ಪಾರಂಪರಿಕ ಕಟ್ಟಡಗಳ ತಜ್ಞರ ಸಮಿತಿಯೂ ಬಂತು. ಬಿಳಿ ಕೈಗವಸು ತೊಟ್ಟು ಬಗ್ಗಿ ನೋಡಿದರು, ಭೂತಗನ್ನಡಿ ಹಿಡಿದರು.

"ಸ್ವಲ್ಪ ಹಿಂದೆ ಸರೀರಿ, ಉಸಿರು ತಾಗುತ್ತೆ," ಎಂದರು ಹಿರಿಯ ತಜ್ಞರು. ದರ್ಜಿ ಗುಡಿಯಲ್ಲಿ ನಿಂತವನಂತೆ ಕೈಕಟ್ಟಿ ಹಿಂದೆ ಸರಿದ. ಇಷ್ಟು ಮರ್ಯಾದೆ ಕೊಡುವವರು ಕೆಡವುತ್ತಾರೆಯೇ?

ಕೆಡವಲಿಲ್ಲ. ವಾರದೊಳಗೆ ಆದೇಶ ಬಂತು: ಕಟ್ಟಡ ಉಳಿಯಿತು, ಯಾರೂ ಮನೆ ಬಿಡಬೇಕಾಗಿಲ್ಲ. ದರ್ಜಿಯ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅಮ್ಮ ಹುಡುಗಿಯ ಕೆನ್ನೆ ತಡವಿ, "ನನ್ನ ಕಣ್ಣು ಉಳಿಸ್ದೆ ಕಣೇ," ಎಂದಳು. ಆದೇಶದ ಎರಡನೇ ಪುಟ ಓದುತ್ತಿದ್ದ ಹುಡುಗಿ ಅದನ್ನೇ ಮತ್ತೆ ಮೊದಲಿನಿಂದ ಓದಿದಳು. ಸಂತೋಷಕ್ಕೆ ಎರಡೆರಡು ಸಲ ಓದುತ್ತಿರಬೇಕು ಎಂದುಕೊಂಡ ದರ್ಜಿ.

ಮರುದಿನ ಬೆಳಿಗ್ಗೆ ಅಮ್ಮ ಚೊಂಬು ಹಿಡಿದು ಬಾಗಿಲು ದಾಟಿದಳು. ಗೋಡೆಗೆ ಕೈಯಿಟ್ಟು ಪದ್ಯದ ಮೊದಲ ಸಾಲು ಎತ್ತಿಕೊಂಡಳು. ಪಡಸಾಲೆಯಲ್ಲಿ ಯಾರೋ ಕುರ್ಚಿಯಿಂದ ದಡಬಡಿಸಿ ಎದ್ದ ಸದ್ದಾಯಿತು. ಸಮವಸ್ತ್ರದ ಹೊಸ ಕಾವಲುಗಾರ ಅವಳ ಮಣಿಕಟ್ಟು ಹಿಡಿದು, ಮೆಲ್ಲಗೆ ಗೋಡೆಯಿಂದ ಬಿಡಿಸಿದ.

"ಮುಟ್ಟಬಾರ್ದು ಅಜ್ಜೀ. ಇನ್ಮೇಲೆ ಇದನ್ನ ಬರೀ ಕಣ್ಣಲ್ಲಿ ನೋಡ್ಬೇಕು."