ಕ್ಯಾಲೆಂಡರಿನ ಕೆಳಸಾಲು

ಮಂಚದ ಅಂಚಿಗೆ ಕೂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎದುರು ಗೋಡೆಯ ಕ್ಯಾಲೆಂಡರಿನ ಕೆಳಸಾಲನ್ನು ಅವನು ಗಟ್ಟಿಯಾಗಿ ಓದಿದ: “ಟೈರಿನ ಗಾಳಿ ನೋಡಿಕೊಂಡೇ ಹೊರಡಿ. ಅರ್ಧ ಅಪಘಾತ ಅಲ್ಲೇ ತಪ್ಪುತ್ತದೆ.” ಆಮೇಲೆ ಬಲಗಣ್ಣು ಮುಚ್ಚಿಕೊಂಡು ಅದನ್ನೇ ಓದಿದ. ಎಲ್ಲೂ ತಡವರಿಸಲಿಲ್ಲ.

“ಸರಿನೇನೇ?” ಎಂದು ಕೂಗಿದ.

ಅಡುಗೆಮನೆಯಲ್ಲಿ ಮಗಳ ಊಟದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದ ಹೆಂಡತಿ, ದಿನದಂತೆ “ಸರಿ” ಎನ್ನಲು ಬಾಯಿ ತೆರೆದಳು. ಮಾತು ತುಟಿಗೆ ಬಂದು ನಿಂತಿತು. ಇವತ್ತು ಒಂದನೇ ತಾರೀಖು. ಅವನಿನ್ನೂ ಗೊರಕೆ ಹೊಡೆಯುತ್ತಿದ್ದಾಗಲೇ ಎದ್ದು, ಕ್ಯಾಲೆಂಡರಿನ ಹಾಳೆಯನ್ನು ಅವಳೇ ತಿರುವಿ ಹಾಕಿದ್ದಳು.

ತಿರುವಿದ್ದೆನೋ, ಇಲ್ಲವೋ? ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನೋಡಿದಳು. ತಿರುವಿದ್ದಳು. ಟೈರ್ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಅದು. ಚಿತ್ರವಿಲ್ಲ, ಬಣ್ಣವಿಲ್ಲ, ಹನ್ನೆರಡು ಹಾಳೆಯೂ ದೂರದಿಂದ ಒಂದೇ ಅಚ್ಚು. ಕೆಳಗೆ ಸಣ್ಣಕ್ಷರದಲ್ಲಿ ತಿಂಗಳಿಗೊಂದು ಬುದ್ಧಿಮಾತು. ಈಗ ಅಲ್ಲಿದ್ದದ್ದು “ಎಂಜಿನ್ ಆಯಿಲ್ ಕಪ್ಪಾಗುವ ತನಕ ಕಾಯಬೇಡಿ” ಎಂದು.

ಎರಡೂವರೆ ವರ್ಷದಿಂದ ಅವನ ಎರಡು ಕಣ್ಣಿನೊಳಗೂ ಉರಿಯೂತ. ಹೊರಗೆ ಕೆಂಪಿಲ್ಲ, ನೋವಿಲ್ಲ. ಒಳಗೊಳಗೇ ಊದಿಕೊಂಡು ನೋಟಕ್ಕೆ ಮಂಜು ಕವಿಸುತ್ತದೆ. ಮಾತ್ರೆ ನುಂಗಿ ನುಂಗಿ ಕೆನ್ನೆ ಬನ್ನಿನಂತಾಗಿತ್ತು. ಎಂಟು ತಿಂಗಳು ಸ್ಕೂಲ್ ವ್ಯಾನಿನ ಸ್ಟಿಯರಿಂಗ್ ಮುಟ್ಟಿರಲಿಲ್ಲ. “ಪೂರ್ತಿ ವಾಸಿ ಯಾವಾಗ ಡಾಕ್ಟ್ರೇ?” ಎಂದು ಅವಳು ಕೇಳಿದಾಗಲೆಲ್ಲ ಕಣ್ಣಿನ ಡಾಕ್ಟರದ್ದು ಒಂದೇ ಉತ್ತರ: “ಹೇಳದೆ ಕೇಳದೆ ಬರೋ ನೆಂಟ ಇದ್ದಂಗಮ್ಮ ಇದು. ಆರು ವಾರಕ್ಕೆ ಹೋಗ್ಬಹುದು, ಆರು ವರ್ಷ ಇರ್ಬಹುದು. ಹೋದ ಅಂತ ಕದ ಹಾಕ್ಕೊಂಡು ನಿದ್ದೆ ಮಾತ್ರ ಮಾಡ್ಬೇಡಿ.” ಎರಡು ತಿಂಗಳ ಹಿಂದೆ, ಸದ್ಯಕ್ಕೆ ಊತ ಇಳಿದಿದೆ ಎಂದು ಗಾಡಿ ಓಡಿಸಲು ಚೀಟಿ ಬರೆದುಕೊಟ್ಟರು. ಜೊತೆಗೊಂದು ಕಟ್ಟಪ್ಪಣೆ: ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ ಕೂತು, ಒಂದೊಂದೇ ಕಣ್ಣಲ್ಲಿ ಸಣ್ಣಕ್ಷರ ಓದಬೇಕು. ಒಂದಕ್ಷರ ಮಸುಕಾದರೂ ಆವತ್ತು ಗಾಡಿ ಮುಟ್ಟಬಾರದು.

ಹೋದ ತಿಂಗಳ ಒಂದನೇ ತಾರೀಖು ಅವಳಿಗೆ ಚೆನ್ನಾಗಿ ನೆನಪಿತ್ತು. ಹೊಸ ಸಾಲನ್ನು ಅವನು ಕಣ್ಣು ಕಿರಿದು ಮಾಡಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಮುಗಿಸಿ, “ಹದ್ದಿನ ಕಣ್ಣು ಕಣೇ ನಂದು” ಎಂದು ನಕ್ಕಿದ್ದ. ಆವತ್ತು ಕಂಡಿತ್ತು. ಇವತ್ತು ಕಾಣುತ್ತಿಲ್ಲ. ನಡುವಿನ ಮೂವತ್ತು ಬೆಳಗುಗಳಲ್ಲಿ ಯಾವ ಬೆಳಗಿನಿಂದ? ಬೆರಳು ಮಡಚತೊಡಗಿದವಳು ಅರ್ಧಕ್ಕೇ ಬಿಟ್ಟಳು. ದಿನವೂ ಅವನು ಓದಿದ್ದ. ದಿನವೂ ಅವಳು ಒಲೆಯ ಮುಂದಿನಿಂದಲೇ, ತಿರುಗಿಯೂ ನೋಡದೆ, “ಸರಿ” ಎಂದಿದ್ದಳು. ಆ ಸಾಲು ಅವಳಿಗೂ ಬಾಯಿಪಾಠ. ವ್ಯಾನಿನಲ್ಲಿ ಹದಿನೇಳು ಮಕ್ಕಳು, ದಾರಿಯಲ್ಲೊಂದು ರೈಲ್ವೆ ಗೇಟು. ಮೊನ್ನೆ ವ್ಯಾನಿನ ಪಕ್ಕದ ಕನ್ನಡಿ ಒಡೆದುಕೊಂಡು ಬಂದವನು, “ಯಾವನೋ ಬೈಕಿನವನು ತಾಗಿಸ್ಕೊಂಡು ಹೋದ, ಕಣ್ಣು ಕಾಣಲ್ಲ ಮುಂಡೇದಕ್ಕೆ” ಎಂದಿದ್ದ. ಅವಳೂ ಆ ಬೈಕಿನವನಿಗೆ ನಾಲ್ಕು ಬೈದಿದ್ದಳು.

ಹೊರಗೆ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದ ಮಗಳು ಹಾರ್ನ್ ಒತ್ತಿದಳು. “ಅಪ್ಪಾ, ಲೇಟಾಯ್ತು!”

“ಏನೇ, ಬಾಯಲ್ಲಿ ನೀರು ತುಂಬ್ಕೊಂಡಿದೀಯಾ? ನೀನು ಸರಿ ಅಂದ್ರೆ ಹೊರಡ್ತೀನಿ. ಕೀ ಎಲ್ಲಿ?”

ಕೀ ಬಾಗಿಲ ಪಕ್ಕದ ಮೊಳೆಯಲ್ಲಿತ್ತು. ಅವಳು ಅದನ್ನು ತೆಗೆದು ಮುಷ್ಟಿಯಲ್ಲಿ ಬಿಗಿ ಹಿಡಿದಳು. ಅವನ ಮುಖದಲ್ಲಿ ಸುಳ್ಳಿನ ಗುರುತು ಹುಡುಕಿದಳು. ಸುಳ್ಳಾಗಿದ್ದರೆ ಬೈಯಬಹುದಿತ್ತು, ಜಗಳವಾಡಿ ಕೂರಿಸಬಹುದಿತ್ತು. ಆದರೆ ಅಲ್ಲಿದ್ದದ್ದು ಮಗ್ಗಿ ಒಪ್ಪಿಸಿ ಶಹಭಾಸ್ ಎನ್ನಿಸಿಕೊಳ್ಳಲು ಕಾಯುವ ಮಗುವಿನ ಮುಖ. ತನಗೆ ಕಾಣುತ್ತಿದೆ ಎಂದೇ ಅವನು ನಂಬಿದ್ದ.

“ರೀ,” ಎಂದಳು. “ಇನ್ನೊಂದ್ಸಲ ಓದಿ.”

“ಯಾಕೇ? ಎಲ್ಲಾದ್ರೂ ತಪ್ಪಿದ್ನಾ?”

“ಸುಮ್ನೆ. ನಿಧಾನಕ್ಕೆ, ನೋಡ್ಕೊಂಡು ಓದಿ.”

“ಅನುಮಾನದ ಪಿಶಾಚಿ ಕಣೇ ನೀನು!” ಅವನು ನಕ್ಕು, ಬೆನ್ನು ನೆಟ್ಟಗೆ ಮಾಡಿ, ಎಡಗಣ್ಣು ಮುಚ್ಚಿಕೊಂಡು ಗೋಡೆಯನ್ನು ದಿಟ್ಟಿಸಿದ. ಹೊರಗೆ ಮತ್ತೆ ಹಾರ್ನ್. ಮುಷ್ಟಿಯೊಳಗಿನ ಕೀ ಅವಳ ಅಂಗೈಗೆ ಚುಚ್ಚುತ್ತಿತ್ತು. ಅವನು ಒಂದೊಂದೇ ಅಕ್ಷರದ ಮೇಲೆ ನಿಂತು, ನಿಜಕ್ಕೂ ನೋಡುತ್ತಿರುವವನ ಹಾಗೆ, ಒಂದೂ ತಪ್ಪಿಲ್ಲದೆ ಓದತೊಡಗಿದ:

“ಟೈರಿನ... ಗಾಳಿ... ನೋಡಿಕೊಂಡೇ... ಹೊರಡಿ...”