ಬಾನೆಟ್ಟಿಗೆ ತೀರ್ಥ

ಹೆಣ್ಣು ನೋಡಿ ಹೊರಟವರ ಕಾರು ಹುಡುಗಿ ಮನೆಯ ಗೇಟಿನ ಮುಂದೆಯೇ ಕೆಮ್ಮಿ ನಿಂತುಬಿಟ್ಟಿತು.

“ಹುಡುಗಿ ತುಟಿ ಬಿಚ್ಚಲಿಲ್ಲ, ಈಗ ಕಾರೂ ಹಟ ಹಿಡೀತು. ಶಕುನ ಚೆನ್ನಾಗಿಲ್ಲ ಕಣೋ, ಈ ಸಂಬಂಧ ಬೇಡ,” ಎಂದರು ಹುಡುಗನ ತಾಯಿ.

“ಇರಮ್ಮ, ಕಾರನ್ನೇ ಕೇಳೋಣ.” ಹುಡುಗ ಸ್ಟೇರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟಿದ್ದ ಡಬ್ಬಿಯೊಂದನ್ನು ಸಿಕ್ಕಿಸಿ ಫೋನ್ ತೆರೆದ. “ಯಾರೋ ಪುಣ್ಯಾತ್ಮರು ಈ ಆಪ್ ಮಾಡಿ ಪುಕ್ಕಟೆ ಹಂಚಿದ್ದಾರೆ. ಕಾರಿನ ಕೋಡ್ ಓದಿ, ಏನು ಕೆಟ್ಟಿದೆ ಅಂತ ಕನ್ನಡದಲ್ಲೇ ಹೇಳುತ್ತೆ.”

ಫೋನಿನಲ್ಲಿ ಅಕ್ಷರ ಮೂಡಿತು: “ಇಂಜಿನ್‌ನಲ್ಲಿ ಕಿಡಿ ಸರಿಯಾಗಿ ಹೊತ್ತುತ್ತಿಲ್ಲ. ಪೂಜೆ ಮಾಡಿ ಬಾನೆಟ್ ಒಳಗೆ ನೀರು ಸುರಿದಿರಾ? ಒರೆಸಿ.”

“ಅಯ್ಯೋ! ಬೆಳಗ್ಗೆ ನಾನು ತೀರ್ಥ ಹಾಕಿದ್ದು ಅದಕ್ಕೆ ಹೇಗೆ ಗೊತ್ತಾಯ್ತೋ?” ಎಂದರು ತಾಯಿ.

ಕಿಟಕಿಯ ಪರದೆಯ ಹಿಂದೆ ಹುಡುಗಿ ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಒರೆಸಿದ ಮೇಲೆ ಕಾರು ಗುರ್ರೆಂದಿತು. ಶಕುನದ ಮಾತು ನಿಂತಿತು. “ಕಾರಿನ ಕಥೆ ಸರಿ, ಆ ಹುಡುಗಿ ಮನಸ್ಸು ತಿಳಿಯೋದು ಹೇಗೋ?” ಎಂದರು ತಾಯಿ.

“ಅದನ್ನೂ ಈ ಪುಣ್ಯಾತ್ಮರನ್ನೇ ಕೇಳ್ತೀನಿ.” ಆಪ್ ಮಾಡಿದವರಿಗೆ ಪ್ರಶ್ನೆ ಕಳಿಸುವ ಜಾಗದಲ್ಲಿ ಅವನು ನಗುತ್ತ ಬರೆದ: “ಗುರುಗಳೇ, ಕಾರು ಸರಿಹೋಯ್ತು. ಇವತ್ತು ನೋಡಿದ ಹುಡುಗಿ ನನಗೆ ತುಂಬ ಹಿಡಿಸಿದಳು. ಆದರೆ ಅವಳು ತಲೆಯೇ ಎತ್ತಲಿಲ್ಲ. ಒಪ್ಪಿಗೆಯೋ ಇಲ್ಲವೋ, ಹೇಗೆ ತಿಳಿಯೋದು?”

ಕ್ಷಣದಲ್ಲೇ ಉತ್ತರ ಬಂತು: “ಈಗ ತಲೆ ಎತ್ತಿದ್ದೇನೆ. ಕಿಟಕಿ ಕಡೆ ನೋಡಿ.”