ಕೂದಲೆಳೆ

“ಭೇಷ್! ಎಳೆಗಳನ್ನ ಪೂರ್ತಿ ತೆಗೆದೇ ಹಾಕಿದೀಯಲ್ಲ!” ಅಂದ ಅಪ್ಪ, ಗೋಡೆಗೆ ಅಂಟಿಸಿದ್ದ ಹಾಳೆಯಿಂದ ಹಿಂದಕ್ಕೆ ಸರಿದು. “ನನಗಂತೂ ಇಷ್ಟು ಧೈರ್ಯ ಬರ್ತಿರಲಿಲ್ಲ ಬಿಡು.”

ಮಗಳು ಹಾಳೆ ನೋಡಿದಳು, ಅಪ್ಪನನ್ನು ನೋಡಿದಳು. ಎಳೆಗಳು ಇದ್ದಲ್ಲೇ ಇದ್ದವು. ಅಪ್ಪ ಬರೆದ ಬೋರ್ಡುಗಳನ್ನು ನೋಡಿಯೇ ಅವಳು ಈ ಫಾಂಟ್ ಮಾಡಿದ್ದು. ಚಪ್ಪಟೆ ಬ್ರಶ್ಶನ್ನು ಅಗಲಕ್ಕೆ ಒತ್ತಿದರೆ ದಪ್ಪ ಗೆರೆ. ಅಂಚಿಗೆ ತಿರುಗಿಸಿ, ಉಸಿರು ಬಿಗಿಹಿಡಿದು ಎಳೆದರೆ ಸಣ್ಣ ಗೆರೆ. ಅಪ್ಪನ ಅಕ್ಷರದ ಜೀವವಿದ್ದದ್ದು ಈ ಎರಡರ ಜಗಳದಲ್ಲಿ. ಅವಳು ದಪ್ಪವನ್ನು ಇನ್ನಷ್ಟು ಕೊಬ್ಬಿಸಿ, ಸಣ್ಣದನ್ನು ಕೂದಲೆಳೆಗೆ ಇಳಿಸಿದ್ದಳು. ಪುಸ್ತಕದೊಳಗೆ ಹಾಕುವ ಫಾಂಟ್ ಅಲ್ಲ, ದೊಡ್ಡದಾಗಿ ಬರೆಯುವುದಕ್ಕೆಂದೇ ಮಾಡಿದ್ದು. ಹಾಳೆಯ ಮೇಲಿನ ‘ರ’ಕ್ಕೆ ಎರಡು ದಪ್ಪ ಪಕ್ಕೆಗಳು, ಕೆಳಗೆ ಅವನ್ನು ಕೂಡಿಸುವ ಒಂದು ಎಳೆ, ಮೇಲೆ ತಲೆಕಟ್ಟಿಗೆ ಹತ್ತುವ ಇನ್ನೊಂದು. ಅಪ್ಪನಿಗೆ ಕಂಡದ್ದು ಒಡೆದ ಬಳೆಯ ಎರಡು ಚೂರು, ಅದರ ಮೇಲೆ ಗಾಳಿಯಲ್ಲಿ ತೇಲುವ ತಲೆಕಟ್ಟು.

“ಜನರ ಕಣ್ಣು ತಾನೇ ಸೇರಿಸ್ಕೊಳ್ಳುತ್ತೆ,” ಅಂದ ಅವನು ಖುಷಿಯಲ್ಲಿ. “ಸೋಮವಾರ ಗೋಡೆ ಹತ್ತೋಣ. ಎಳೆ ಇಲ್ಲ ಅಂದ್ರೆ ಅರ್ಧ ಕೆಲಸ ಉಳೀತು!”

ಗೋಡೆಯೆಂದರೆ ರಂಗಮಂದಿರದ ಮುಂಗೋಡೆ. ಹೆಸರನ್ನು ಯಂತ್ರದಲ್ಲಿ ಅಚ್ಚು ಹಾಕಿಸಿ ಅಂಟಿಸಬಹುದಿತ್ತು; ಮಂದಿರದವರು ಅಪ್ಪನ ಕೈಯಲ್ಲೇ ಬರೆಸಬೇಕೆಂದು ಹಟ ಹಿಡಿದಿದ್ದರು. ಅಕ್ಷರ ಮಗಳದು, ಕೈ ನನ್ನದು ಅಂತ ಅಪ್ಪ ಬೀದಿಯ ಕೊನೆಯ ಕ್ಷೌರದಂಗಡಿಯವರೆಗೂ ಸಾರಿ ಬಂದಿದ್ದ.

ಅಡುಗೆಮನೆಯಲ್ಲಿ ಅಮ್ಮ ತಲೆಯೆತ್ತದೆ ಹೇಳಿದಳು. “ಈಗ ಗೊತ್ತಾಯ್ತಾ ನಿನಗೆ? ಮೊದಲೆಲ್ಲ ತಟ್ಟೆಯಲ್ಲಿ ಒಂದು ಕೂದಲು ಸಿಕ್ಕಿದ್ರೆ ಮನೆ ತಲೆ ಮೇಲೆ ಹೊತ್ಕೊಳ್ಳೋರು. ಈಚೆಗೆ ತೆಪ್ಪಗೆ ಊಟ ಮಾಡಿ ಏಳ್ತಾರೆ. ನನ್ನ ಅಡುಗೆ ಸುಧಾರಿಸ್ತು ಅಂತ ನಾನೂ ಸ್ವಲ್ಪ ದಿನ ಬೀಗಿದ್ದೆ.”

“ಕಣ್ಣಿನ ಡಾಕ್ಟರ ಹತ್ರ?”

“ಹೆಸರೆತ್ತಿದ್ರೆ ಸಾಕು, ‘ಬೆಳಕು ಸಾಲದು ಕಣೆ’ ಅಂತಾರೆ. ಮನೆ ಬಲ್ಬುಗಳನ್ನೆಲ್ಲ ಬದಲಾಯಿಸಿ ಆಯ್ತು. ಇನ್ನು ಸೂರ್ಯನ್ನೇ ಬದಲಾಯಿಸ್ಬೇಕು.”

“ನಾನೇ ಹೇಳಿಬಿಡ್ಲಾ?”

“ಹೇಳಿದ್ರೆ ಬ್ರಶ್ ಕೆಳಗಿಡ್ತಾರೆ, ಮತ್ತೆ ಎತ್ತಲ್ಲ. ಹೇಳದಿದ್ರೆ ಆ ಹರಕು ಅಕ್ಷರಾನೇ ಬರೆದು ಇಳೀತಾರೆ, ಬೀದಿಗೆ ಬೀದೀನೇ ನಿಂತು ನೋಡುತ್ತೆ. ನೀನೇ ಯೋಚನೆ ಮಾಡಮ್ಮ. ನನ್ನ ಮಾತು ಈ ಮನೇಲಿ ಯಾವತ್ತು ನಡೆದಿದೆ?”

ಮಗಳು ಕಂಪ್ಯೂಟರಿನ ಮುಂದೆ ಕೂತು ಎಳೆಗಳನ್ನು ಕೊಂಚ ದಪ್ಪ ಮಾಡಿ ನೋಡಿದಳು. ಅಕ್ಷರಗಳು ಉಂಡು ಕಾಲು ಚಾಚಿದವರ ಹಾಗೆ ಕಂಡವು. ಮತ್ತೆ ಮೊದಲಿದ್ದಂತೆಯೇ ಮಾಡಿ, ಗೋಡೆಯ ಅಳತೆಗೆ ಹಿಗ್ಗಿಸಿ, ಉದ್ದನೆಯ ಕಾಗದದ ಮೇಲೆ ಇಳಿಸಿದಳು. ಇನ್ನು ಗೆರೆಗಳುದ್ದಕ್ಕೂ ತೂತು ಚುಚ್ಚಬೇಕು. ಗೋಡೆಗೆ ಹಿಡಿದು ಸುಣ್ಣದ ಪುಡಿಯ ಗಂಟಿನಿಂದ ತಟ್ಟಿದರೆ ಅಕ್ಷರ ಚುಕ್ಕೆಗಳಲ್ಲಿ ಮೂಡುತ್ತದೆ. ಚುಚ್ಚುವುದು ಚಿಕ್ಕಂದಿನಿಂದಲೂ ಅವಳ ಪಾಲಿನ ಕೆಲಸ. ತಟ್ಟುವ ಮೊದಲು ಕಾಗದದ ಮೇಲೆಲ್ಲ ಬೆರಳಾಡಿಸಿ ನೋಡುವುದು ಅಪ್ಪನ ಪದ್ಧತಿ. ಬಿಟ್ಟುಹೋದ ತೂತು ಕಣ್ಣಿಗೆ ಸಿಗಲ್ಲ, ಬೆರಳಿಗೆ ಸಿಗುತ್ತೆ ಎನ್ನುತ್ತಿದ್ದ.

ದಪ್ಪ ಗೆರೆಗಳ ಅಂಚು ಮುಗಿಸಿ ಎಳೆಗಳಿಗೆ ಬಂದಾಗ ಅವಳ ಸೂಜಿ ನಿಂತಿತು. ಪಕ್ಕದಲ್ಲೇ ಕೂತು ನೋಡುತ್ತಿದ್ದ ಅಮ್ಮ ಎದ್ದು ಹೋಗಿ ಗೋಣಿ ಹೊಲಿಯುವ ದಬ್ಬಳ ತಂದು ಮುಂದಿಟ್ಟಳು.

“ಇದರಲ್ಲಿ ಚುಚ್ಚು,” ಅಂದಳು.

ಸೋಮವಾರ ರಂಗಮಂದಿರದ ಬಾಗಿಲ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲಿ ಅಪ್ಪ, ಮಗಳು ಇಬ್ಬರೂ ನಿಂತಿದ್ದರು. ಕಾಗದ ಗೋಡೆಗೆ ಅಂಟಿತ್ತು. ಅಪ್ಪ ಎಂದಿನಂತೆ ಕಣ್ಣು ಮುಚ್ಚಿ, ತೋರುಬೆರಳನ್ನು ‘ರ’ದ ಎಡ ಪಕ್ಕೆಯ ಅಂಚಿನಲ್ಲಿ ಇಳಿಸಿದ. ಪಕ್ಕೆ ಮುಗಿಯಿತು. ಬೆರಳು ಅಲ್ಲಿ ನಿಲ್ಲಬೇಕಿತ್ತು; ತೂತುಗಳು ನಿಲ್ಲಲಿಲ್ಲ. ಬೆರಳು ಅವುಗಳ ಹಿಂದೆ ಹೋಯಿತು, ಬಲ ಪಕ್ಕೆ ಮುಟ್ಟಿತು, ತಿರುಗಿ ಅದೇ ದಾರಿಯಲ್ಲಿ ಎಡಕ್ಕೆ ಬಂತು. ಮತ್ತೆ ಹೋಯಿತು. ಕೆಳಗೆ ಯಾರೋ ಸೈಕಲ್ ನಿಲ್ಲಿಸಿ ಮೇಲೆ ನೋಡಿದರು.

“ಅಪ್ಪಾ...”

“ಇರು.”

ಬೆರಳು ತಲೆಕಟ್ಟಿಗೆ ಹತ್ತುವ ಎಳೆಯನ್ನೂ ಹುಡುಕಿಕೊಂಡು ಹೋಗಿ ಮುಟ್ಟಿ ಬಂತು. ಅಪ್ಪ ಜೇಬಿಗೆ ಕೈಹಾಕಿ, ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಮುಟ್ಟಲು ಕೊಡದ ಸಣ್ಣ ಬ್ರಶ್ ತೆಗೆದು ಮಗಳ ಕಡೆ ಚಾಚಿದ.

“ದಪ್ಪ ನಾನು ತುಂಬ್ತೀನಿ. ಎಳೆ ನಿನ್ನದು. ಉಸಿರು ಬಿಡದೆ ಎಳೀಬೇಕು, ನೆನಪಿರಲಿ.”

ಅವಳು ಬ್ರಶ್ ತೆಗೆದುಕೊಂಡಳು. ಅಪ್ಪನ ಬೆರಳು ಇನ್ನೂ ಕಾಗದದ ಮೇಲೇ ಇತ್ತು.

“ಆದ್ರೂ ಇನ್ನೂ ಸ್ವಲ್ಪ ಸಣ್ಣ ಮಾಡಬಹುದಿತ್ತು ಕಣೆ,” ಅಂದ ಅವನು, ಕಣ್ಣು ಮುಚ್ಚಿಕೊಂಡೇ. “ಇದು ನನಗೂ ಕಾಣಿಸ್ತಿದೆ.”